ಕ್ರಾಫರ್ಡ್ಸ್‌ವಿಲ್‌ನ ತಿರುಗುವ ಜೈಲು: ಕಬ್ಬಿಣದ ಮಾದರಿಯೊಂದನ್ನು ಕಟ್ಟಿದ ಕೆಲಸದ ದಾಖಲೆ

ಅಮೆರಿಕದ ಇಂಡಿಯಾನಾ ರಾಜ್ಯದ ಕ್ರಾಫರ್ಡ್ಸ್‌ವಿಲ್ ಪಟ್ಟಣದಲ್ಲಿರುವ ಹಳೆಯ ಕೌಂಟಿ ಜೈಲಿನ ಮಾದರಿಯನ್ನು ಕಬ್ಬಿಣದ ತಗಡಿನಲ್ಲಿ ಕಟ್ಟಿ ಮುಗಿಸಲು ನನಗೆ ಐದು ತಿಂಗಳು ಹಿಡಿಯಿತು. ಮಗಳು ಓದುತ್ತಿದ್ದ ವೆಸ್ಟ್ ಲಫಾಯೆಟ್‌ನಿಂದ ಆ ಪಟ್ಟಣಕ್ಕೆ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಅವಳನ್ನು ನೋಡಲು ಹೋಗಿದ್ದಾಗ ಎರಡು ಬಾರಿ ಆ ಕಟ್ಟಡದೊಳಗೆ ನಿಂತು, ಎರಡು ಅಂತಸ್ತಿನ ಹದಿನಾರು ಸೆರೆಕೋಣೆಗಳು ಒಟ್ಟಾಗಿ ಒಂದೇ ಗಾಣದಂತೆ ತಿರುಗುವುದನ್ನು ಕಂಡೆ. ಮೂವತ್ತು ವರ್ಷ ಪೀಣ್ಯದ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿ ದುಡಿದವನು ನಾನು. ಅಂಥದ್ದೊಂದು ಯಂತ್ರವನ್ನು ಕಂಡ ಮೇಲೆ ಅದು ಹೇಗೆ ನಡೆಯುತ್ತಿತ್ತು, ಯಾಕೆ ಕೈಕೊಟ್ಟಿತು ಎಂಬುದನ್ನು ನನ್ನ ಕೈಯಿಂದಲೇ ತಿಳಿಯದೆ ಸಮಾಧಾನವಾಗುವಂತಿರಲಿಲ್ಲ.

ಕೌಂಟಿ ಎಂಬುದನ್ನು ನಮ್ಮ ಜಿಲ್ಲೆಗೆ ಹೋಲಿಸಬಹುದು, ಆದರೆ ಹೆಚ್ಚಿನ ಕೌಂಟಿಗಳು ನಮ್ಮ ಜಿಲ್ಲೆಗಳಿಗಿಂತ ಬಹಳ ಚಿಕ್ಕವು. ಕ್ರಾಫರ್ಡ್ಸ್‌ವಿಲ್ ಮಾಂಟ್ಗೊಮೆರಿ ಕೌಂಟಿಯ ಕೇಂದ್ರಸ್ಥಳ. ಕೌಂಟಿಯ ಜೈಲು ದೀರ್ಘ ಶಿಕ್ಷೆಯವರ ಸೆರೆಮನೆಯಲ್ಲ. ವಿಚಾರಣೆಗೆ ಕಾಯುತ್ತಿರುವವರು, ಕುಡಿದು ಗಲಾಟೆ ಮಾಡಿ ಸಿಕ್ಕಿಬಿದ್ದವರು, ಕೆಲವು ತಿಂಗಳ ಸಜೆಯಾದವರು ಅಲ್ಲಿರುತ್ತಾರೆ. ಅದನ್ನು ನೋಡಿಕೊಳ್ಳುವವನು ಜನರಿಂದ ಚುನಾಯಿತನಾದ ಶೆರಿಫ್. ಹತ್ತೊಂಬತ್ತನೆಯ ಶತಮಾನದಲ್ಲಿ ಅವನ ಸಂಸಾರ ಜೈಲಿಗೆ ಅಂಟಿಕೊಂಡ ಮನೆಯಲ್ಲಿಯೇ ವಾಸವಾಗಿರುವುದು ಸಾಮಾನ್ಯವಾಗಿತ್ತು. ಕ್ರಾಫರ್ಡ್ಸ್‌ವಿಲ್‌ನ ಕಟ್ಟಡವೂ ಹಾಗೆಯೇ ಇದೆ. ಬೀದಿಗೆ ಮುಖಮಾಡಿ ಇಟ್ಟಿಗೆಯ ಅಂದವಾದ ಮನೆ, ಅದರ ಬೆನ್ನಿಗೆ ಜೈಲು. ಮುಂದಿನಿಂದ ನೋಡಿದವನಿಗೆ ಹಿಂದೆ ಇಂಥ ಯಂತ್ರವಿದೆಯೆಂಬ ಸುಳಿವೂ ಸಿಗುವುದಿಲ್ಲ.

ಈ ಯಂತ್ರವನ್ನು ಯೋಚಿಸಿದವರು ಇಂಡಿಯಾನಾಪೊಲಿಸ್ ನಗರದ ವಿಲಿಯಂ ಎಚ್. ಬ್ರೌನ್ ಮತ್ತು ಬೆಂಜಮಿನ್ ಎಫ್. ಹಾ ಎಂಬಿಬ್ಬರು. ಹಾ ಕಬ್ಬಿಣದ ಕಾರ್ಖಾನೆಯವರು. ಆ ನಗರದ ಹಾವಿಲ್ ಎಂಬ ಬಡಾವಣೆಗೆ ಇಂದಿಗೂ ಅವರದೇ ಹೆಸರಿದೆ. ಇವರಿಗೆ 1881ರ ಜುಲೈ 12ರಂದು ಪೇಟೆಂಟ್ ದೊರೆಯಿತು. ಕಾವಲುಗಾರನು ಕೈದಿಗಳ ಮೈಹತ್ತಿರಕ್ಕೆ ಹೋಗದೆಯೇ ಅವರನ್ನು ಅಂಕೆಯಲ್ಲಿ ಇಟ್ಟುಕೊಳ್ಳಬೇಕು ಎಂಬುದು ಅದರ ಉದ್ದೇಶ. ಕ್ರಾಫರ್ಡ್ಸ್‌ವಿಲ್‌ನ ಜೈಲಿನ ಕೆಲಸ 1881ರಲ್ಲಿ ಆರಂಭವಾಗಿ 1882ರಲ್ಲಿ ಮುಗಿಯಿತು. ಈ ಬಗೆಯ ಜೈಲುಗಳಲ್ಲಿ ಮೊದಲನೆಯದು ಅದೇ.

ಯೋಚನೆ ಕೇಳಲು ಸರಳವಾಗಿದೆ. ದುಂಡಗಿನ ಹೋಳಿಗೆಯನ್ನು ಎಂಟು ಪಾಲು ಮಾಡಿದಂತೆ ಎಂಟು ಕೋಣೆಗಳು. ಅದರ ಮೇಲೆ ಅಂಥದೇ ಇನ್ನೊಂದು ಅಂತಸ್ತು. ಪ್ರತಿ ಕೋಣೆಯ ಚೂಪಾದ ತುದಿ ನಡುವಿನ ಕಡೆಗೆ, ಅಗಲವಾದ ಬಾಯಿ ಹೊರಗಿನ ಕಡೆಗೆ. ಆ ಬಾಯಿಗೆ ಸ್ವಂತ ಬಾಗಿಲಿಲ್ಲ. ಕೋಣೆಗಳೆಲ್ಲ ಸೇರಿದ ಈ ಡ್ರಮ್ಮಿನ ಸುತ್ತ, ನೆಲಕ್ಕೆ ಬಿಗಿದು ನಿಲ್ಲಿಸಿದ ಕಂಬಿಗಳ ಪಂಜರವಿದೆ, ಮತ್ತು ಆ ಪಂಜರಕ್ಕೆ ಅಂತಸ್ತಿಗೆ ಒಂದೇ ಬಾಗಿಲು. ಕಾವಲುಗಾರ ಹೊರಗೆ ನಿಂತು ಹ್ಯಾಂಡಲ್ ತಿರುಗಿಸುತ್ತಾನೆ. ಬೇಕಾದ ಕೋಣೆಯ ಬಾಯಿ ಬಾಗಿಲಿಗೆ ಎದುರಾಗಿ ಬಂದಾಗ ಆ ಕೋಣೆಯವನು ಮಾತ್ರ ಹೊರಬರಬಲ್ಲ.

ನನಗೆ ತಟ್ಟನೆ ನೆನಪಾದದ್ದು ನಮ್ಮ ಬೆಂಗಳೂರಿನ ಫ್ರೀಡಂ ಪಾರ್ಕ್. ಹಿಂದೆ ಸೆಂಟ್ರಲ್ ಜೈಲಾಗಿದ್ದ ಆ ಜಾಗದಲ್ಲಿ ನಡುವೆ ಕಾವಲು ಗೋಪುರವಿದೆ, ಬ್ಯಾರಕ್ಕುಗಳು ಅದರ ಸುತ್ತ ಚಕ್ರದ ಅರಗಳಂತೆ ಚಾಚಿಕೊಂಡಿದ್ದವು. ಅಲ್ಲಿ ಕಟ್ಟಡ ನಿಂತಿರುತ್ತದೆ, ನಡುವಿನಲ್ಲಿರುವ ಕಾವಲುಗಾರನ ಕಣ್ಣು ತಿರುಗುತ್ತದೆ. ಕ್ರಾಫರ್ಡ್ಸ್‌ವಿಲ್‌ನಲ್ಲಿ ಇದು ತಲೆಕೆಳಗು: ಕಾವಲುಗಾರ ಹೊರಗೆ ಒಂದೆಡೆ ನಿಂತಿರುತ್ತಾನೆ, ಕೈದಿಗಳ ಸಮೇತ ಕಟ್ಟಡವೇ ಅವನ ಮುಂದೆ ಹಾದುಹೋಗುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಮಾದರಿಗೆ ಕಂಬಿ ಕೂರಿಸುವ ದಿನದವರೆಗೆ ನನಗೆ ಪೂರ್ತಿಯಾಗಿ ಅರ್ಥವಾಗಿರಲಿಲ್ಲ.

ಡ್ರಮ್ಮಿನ ಕೆಲಸ

ಅಳತೆಪಟ್ಟಿಯಿಂದ ಅಳೆದು ಇಷ್ಟಕ್ಕಿಷ್ಟು ಎಂದು ಇಳಿಸಿದ ಮಾದರಿ ಇದಲ್ಲ. ಪೇಟೆಂಟಿನ ಚಿತ್ರಗಳನ್ನೂ ನಾನು ತೆಗೆದ ಫೋಟೋಗಳನ್ನೂ ಮುಂದಿಟ್ಟುಕೊಂಡು, ಭಾಗಭಾಗಗಳ ಹೊಂದಾಣಿಕೆ ಕೆಡದಂತೆ, ನನ್ನ ಲೇತಿಗೂ ಮೇಜಿಗೂ ಒಪ್ಪುವ ಅಳತೆ ಇಟ್ಟುಕೊಂಡೆ. ಡ್ರಮ್ಮಿನ ಹೊರವ್ಯಾಸ 400 ಮಿ.ಮೀ., ಪ್ರತಿ ಅಂತಸ್ತಿನ ಎತ್ತರ 110 ಮಿ.ಮೀ., ನಡುವಿನ ಕೊಳವೆಯ ವ್ಯಾಸ 100 ಮಿ.ಮೀ. ತಗಡು 1.2 ಮಿ.ಮೀ. ದಪ್ಪದ್ದು. ನೆಲ, ನಡುನೆಲ, ಚಾವಣಿ ಎಂದು ಮೂರು ವೃತ್ತಗಳನ್ನು ಲೇಸರ್ ಕಟಿಂಗಿನವರಲ್ಲಿ ಕತ್ತರಿಸಿ ತಂದೆ. ಹದಿನಾರು ಅಡ್ಡಗೋಡೆಗಳನ್ನು ಮನೆಯಲ್ಲಿಯೇ ಕತ್ತರಿಸಿ, ಅಂಚುಗಳನ್ನು ಅರದಿಂದ ಉಜ್ಜಿ ಸಮ ಮಾಡಿದೆ.

ಮೊದಲ ಅಂತಸ್ತನ್ನು ಬೆಸೆದ ರೀತಿ ತಪ್ಪಾಗಿತ್ತು. ಒಂದು ಅಡ್ಡಗೋಡೆಯನ್ನು ನಿಲ್ಲಿಸಿ ಪೂರ್ತಿ ಬೆಸೆದು, ಅದರ ಪಕ್ಕದ್ದಕ್ಕೆ ಹೋಗಿ, ಹೀಗೆಯೇ ಸುತ್ತು ಬಂದೆ. ನಾಲ್ಕನೆಯ ಗೋಡೆಗೆ ಬರುವಷ್ಟರಲ್ಲಿ ನೆಲದ ತಗಡು ಬಿಸಿಗೆ ಎಳೆದುಕೊಂಡು ಹಪ್ಪಳದಂತೆ ಅಂಚು ಮೇಲೆದ್ದಿತ್ತು. ತೆಳು ತಗಡಿನಲ್ಲಿ ಹೀಗಾಗುತ್ತದೆಂದು ಎಳೆಯ ಹುಡುಗರಿಗೆ ಹೇಳಿಕೊಟ್ಟವನು ನಾನೇ. ಆದರೂ ಅವಸರದಲ್ಲಿ ಮಾಡಿಬಿಟ್ಟೆ. ಆ ತಗಡನ್ನು ಬದಿಗಿಟ್ಟು ಹೊಸದನ್ನು ತರಿಸಿದೆ. ಎರಡನೆಯ ಸಲ 20 ಮಿ.ಮೀ. ದಪ್ಪದ ಪ್ಲೇಟಿಗೆ ನೆಲವನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಎಂಟೂ ಗೋಡೆಗಳನ್ನು ನಿಲ್ಲಿಸಿ, ಎದುರುಬದುರಾಗಿ ಸಣ್ಣ ಸಣ್ಣ ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ) ಹಾಕುತ್ತಾ ಹೋದೆ: ಒಂದನೆಯದಕ್ಕೆ ಹಾಕಿದರೆ ಮುಂದಿನದು ಐದನೆಯದಕ್ಕೆ, ಅನಂತರ ಮೂರಕ್ಕೆ, ಏಳಕ್ಕೆ. ಪ್ರತಿ ಸುತ್ತಿನ ನಂತರ ತಗಡು ಕೈಗೆ ತಣ್ಣಗಾಗುವವರೆಗೆ ಕಾದೆ. ಕೆಲಸಕ್ಕೆ ಎರಡು ದಿನ ಹೆಚ್ಚು ಹಿಡಿಯಿತು, ಆದರೆ ಕ್ಲ್ಯಾಂಪ್ ಬಿಚ್ಚಿದಾಗ ತಗಡು ಕೂತಲ್ಲೇ ಕೂತಿತ್ತು. ಎಲ್ಲ ಸೇರಿ ಡ್ರಮ್ಮಿನ ತೂಕ ಸುಮಾರು ಒಂಬತ್ತು ಕಿಲೋ ಆಯಿತು.

ನಡುವಿನ ಕೊಳವೆಯ ವಿಷಯದಲ್ಲಿ ಒಂದಿಷ್ಟು ನಿಲ್ಲಬೇಕು, ಏಕೆಂದರೆ ಈ ಜೈಲಿನ ಬಗ್ಗೆ ಗೌರವದಿಂದ ಹೇಳಬಹುದಾದ ಮಾತು ಅಲ್ಲಿದೆ. ಆ ಕಾಲದ ಸಣ್ಣ ಜೈಲಿನಲ್ಲಿ ಪ್ರತಿ ಕೋಣೆಗೂ ನೀರಿನಿಂದ ಹರಿದುಹೋಗುವ ಶೌಚದ ವ್ಯವಸ್ಥೆ ಇರುವುದು ಅಪರೂಪವಾಗಿತ್ತು. ಕೋಣೆಯೊಳಗೆ ಬಕೆಟ್ಟು ಇಟ್ಟು ಬೆಳಗ್ಗೆ ಹೊರಹಾಕಿಸುವುದೇ ಬಳಕೆ. ಇಲ್ಲಿ ಪ್ರತಿ ಕೋಣೆಯ ಚೂಪು ತುದಿಯಲ್ಲಿ, ನಡುವಿನ ಕೊಳವೆಗೆ ಸೇರಿದಂತೆ ಶೌಚದ ವ್ಯವಸ್ಥೆ ಮಾಡಿದ್ದರು. ಆದರೆ ತಿರುಗುವ ಮನೆಯಿಂದ ಚರಂಡಿಯನ್ನು ಹೊರಗೆ ತರುವುದು ಹೇಗೆ? ಮಾದರಿಯಲ್ಲಿ ಹದಿನಾರು ಸಣ್ಣ ಅಲ್ಯೂಮಿನಿಯಂ ಬಟ್ಟಲುಗಳನ್ನು ಕೊರೆದು ಕೂರಿಸಿದ ಮೇಲೆ ನನಗೂ ಇದೇ ಪ್ರಶ್ನೆ ಎದುರಾಯಿತು. ತಿರುಗುವ ವಸ್ತುವಿನಲ್ಲಿ ಜಾಗ ಬಿಟ್ಟು ಕದಲದ ಸ್ಥಳವೆಂದರೆ ಅದರ ನಡುಗೆರೆ ಮಾತ್ರ. ಆದ್ದರಿಂದ ಎಲ್ಲ ಬಟ್ಟಲುಗಳ ನೀರೂ ನಡುವಿಗೆ ಬಂದು, ಅಲ್ಲಿಂದ ನೇರವಾಗಿ ಕೆಳಗಿಳಿದು, ಕೆಳಗೆ ಬಿಗಿದು ನಿಂತ ಅಗಲಬಾಯಿಯ ಕೊಳವೆಯೊಳಗೆ ಬೀಳಬೇಕು. ಡ್ರಮ್ ಕೂರುವ ಬೇರಿಂಗಿನ ತೂತಿನೊಳಗಿಂದ ತೆಳುವಾದ ಕೊಳವೆಯೊಂದನ್ನು ಇಳಿಬಿಟ್ಟು, ಅದರ ಕೆಳಗೆ ಬೇಸಿಗೆ ಬಿಗಿದ 63 ಮಿ.ಮೀ. ಬಾಯಿಯ ಆಲಿಕೆ ಇಟ್ಟೆ. ಡ್ರಮ್ ತಿರುಗುತ್ತಿರುವಾಗಲೇ ಮೇಲಿನ ಅಂತಸ್ತಿನ ಬಟ್ಟಲಿಗೆ ಅರ್ಧ ಲೋಟ ನೀರು ಸುರಿದೆ. ಹನಿಯೂ ಆಚೀಚೆ ಹೋಗದೆ ಆಲಿಕೆಗೆ ಇಳಿಯಿತು. ಕೋಣೆಗಳನ್ನು ದುಂಡಗೆ ಜೋಡಿಸಿದ್ದು ಕಾವಲಿನ ಸುಲಭಕ್ಕೆ ಮಾತ್ರವಲ್ಲ, ಹದಿನಾರು ಕೋಣೆಗಳಿಗೆ ಒಂದೇ ಚರಂಡಿ ಸಾಕಾಗಲಿ ಎಂಬುದಕ್ಕೂ ಹೌದೆಂದು ಆಗ ಹೊಳೆಯಿತು.

ಓಲುವ ಡ್ರಮ್

ಮೊದಲು ಡ್ರಮ್ಮನ್ನು ನಡುವಿನ ಒಂದೇ ಥ್ರಸ್ಟ್ ಬೇರಿಂಗಿನ (ಮೇಲಿನಿಂದ ಬೀಳುವ ಭಾರವನ್ನು ಹೊತ್ತು ತಿರುಗುವ ಬೇರಿಂಗ್) ಮೇಲೆ ಕೂರಿಸಿದ್ದೆ. ಅದರ ಒಳವ್ಯಾಸ 50 ಮಿ.ಮೀ., ಹೊರವ್ಯಾಸ 70 ಮಿ.ಮೀ. ಬೆರಳಿನಲ್ಲಿ ತಳ್ಳಿದರೆ ಸಾಕು, ಹಗುರವಾಗಿ ತಿರುಗುತ್ತಿತ್ತು. ಸಂತೋಷಪಟ್ಟು ಅಂಚಿಗೆ ಡಯಲ್ ಗೇಜ್ (ಸಣ್ಣ ಏರಿಳಿತವನ್ನೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಹಚ್ಚಿ ನೋಡಿದೆ. ಒಂದು ಸುತ್ತಿನಲ್ಲಿ ಅಂಚು 1.4 ಮಿ.ಮೀ. ಏರಿಳಿಯುತ್ತಿತ್ತು. ಅಷ್ಟಗಲದ ಡ್ರಮ್ಮಿಗೆ ಅಂಗೈಯಗಲದ ಆಧಾರ ಕೊಟ್ಟರೆ ಹೀಗಾಗದೆ ಇರದು. ನಡುವಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೆ ಅಂಚಿಗೆ ಬರುವಾಗ ಅದು ಐದಾರು ಪಟ್ಟು ಆಗಿರುತ್ತದೆ. ಡ್ರಮ್ಮಿಗೂ ಪಂಜರಕ್ಕೂ ನಡುವೆ ನಾನು ಬಿಟ್ಟಿದ್ದ ಅಂತರ ಸುತ್ತಲೂ 2 ಮಿ.ಮೀ. ಡ್ರಮ್ ಓಲಿದ್ದರಿಂದ ಮೇಲಂತಸ್ತಿನ ಬಳಿ ಒಂದು ಕಡೆ ಅದು 1.2 ಆಗಿ, ಎದುರು ಕಡೆ 2.8 ಆಗಿತ್ತು.

ಇದನ್ನು ಸರಿಪಡಿಸಲು ನೆಲದ ತಗಡಿನ ಅಡಿಯಲ್ಲಿ, 340 ಮಿ.ಮೀ. ವ್ಯಾಸದ ವೃತ್ತದ ಮೇಲೆ, 22 ಮಿ.ಮೀ.ನ ಎಂಟು ಸಣ್ಣ ಬೇರಿಂಗುಗಳನ್ನು ಗಾಲಿಗಳಂತೆ ಕೂರಿಸಿದೆ. ಭಾರವನ್ನು ಅವು ಹೊರುತ್ತವೆ. ನಡುವಿನ ಬೇರಿಂಗಿನ ಕೆಲಸ ಡ್ರಮ್ ಅತ್ತಿತ್ತ ಸರಿಯದಂತೆ ಹಿಡಿದುಕೊಳ್ಳುವುದಷ್ಟೆ. ಪ್ರತಿ ಗಾಲಿಯ ಅಡಿಗೆ ಎತ್ತರ ಹೊಂದಿಸುವ ತೆಳು ಹಿತ್ತಾಳೆ ಪಟ್ಟಿ (ಶಿಮ್) ಇಟ್ಟು, ತೆಗೆದು, ಮತ್ತೆ ಇಟ್ಟು, ಮೂರು ಸಂಜೆ ಇದೇ ಕೆಲಸ ಮಾಡಿದೆ. ಕೊನೆಗೆ ಏರಿಳಿತ 0.3ಕ್ಕೆ ಬಂತು. ಅದಕ್ಕಿಂತ ಕೆಳಗಿಳಿಸಲು ತಗಡು ಬಿಡಲಿಲ್ಲ.

ಮಾದರಿಯ ಬೇಸು 12 ಮಿ.ಮೀ. ಪ್ಲೈವುಡ್ಡಿನದು. ಅದರ ಒಂದು ಮೂಲೆಯ ಕೆಳಗೆ ಎರಡು ಮಿ.ಮೀ. ರಟ್ಟು ಸೇರಿಸಿ ನೋಡಿದೆ. ಮಾಡಿದ ಅಷ್ಟೂ ಹೊಂದಾಣಿಕೆ ಹಾಳಾಗಿ, ಒಂದು ಬದಿಯ ಗಾಲಿಗಳು ಮಾತ್ರ ಭಾರ ಹೊತ್ತು, ಡ್ರಮ್ ತಿರುಗುವಾಗ ಒಂದೆಡೆ ಭಾರವಾಗಿ ಇನ್ನೊಂದೆಡೆ ಹಗುರವಾಗಿ ಹೋಗತೊಡಗಿತು. ಒಂಬತ್ತು ಕಿಲೋ ಡ್ರಮ್ಮಿನಲ್ಲಿ ಹೀಗಾದರೆ, ಟನ್ನುಗಟ್ಟಲೆ ಕಬ್ಬಿಣವನ್ನು ಹೊತ್ತ ಕಟ್ಟಡದ ತಳಪಾಯ ವರ್ಷಗಳು ಉರುಳಿದಂತೆ ಒಂದು ಬದಿಗೆ ಬೆರಳಗಲ ಕುಸಿದರೂ ಗೇರಿನ ಹಲ್ಲುಗಳ ಮೇಲೆ ಬೀಳುವ ಹೊರೆ ಎಷ್ಟಿರಬೇಕು! ಮನೆಯ ಗೋಡೆ ಬಿರುಕು ಬಿಟ್ಟರೆ ಗಾರೆ ಮೆತ್ತಬಹುದು. ತಿರುಗಬೇಕಾದ ಮನೆಗೆ ಆ ಅನುಕೂಲವಿಲ್ಲ.

ಹಲ್ಲುಗಳ ಲೆಕ್ಕ

ಡ್ರಮ್ಮಿನ ಅಡಿಗೆ 160 ಹಲ್ಲಿನ ದೊಡ್ಡ ಗೇರನ್ನು ಬಿಗಿದೆ, ಹಲ್ಲಿನ ಗಾತ್ರದ ಅಳತೆ (ಮಾಡ್ಯೂಲ್) 1.5, ಹಲ್ಲುಗಳು ಕೂಡುವ ವೃತ್ತದ ವ್ಯಾಸ (ಪಿಚ್ ವ್ಯಾಸ) 240 ಮಿ.ಮೀ. ಅದನ್ನು ತಿರುಗಿಸಲು 16 ಹಲ್ಲಿನ ಸಣ್ಣ ಗೇರು, ಅಂದರೆ ಪಿನಿಯನ್. ಪಿನಿಯನ್ನಿನ ಕಂಬಕ್ಕೂ ಹ್ಯಾಂಡಲ್ಲಿನ ಅಡ್ಡ ಶಾಫ್ಟಿಗೂ ನಡುವೆ 45 ಮತ್ತು 15 ಹಲ್ಲಿನ ಬೆವೆಲ್ ಜೋಡಿ (ಅಡ್ಡ ತಿರುಗುವಿಕೆಯನ್ನು ನೆಟ್ಟಗೆ ತಿರುಗಿಸುವ ಓರೆ ಹಲ್ಲಿನ ಗೇರುಗಳು). ಅಂದರೆ ಹ್ಯಾಂಡಲ್ಲನ್ನು ಮೂವತ್ತು ಸಲ ತಿರುಗಿಸಿದರೆ ಡ್ರಮ್ ಒಂದು ಸುತ್ತು ಬರುತ್ತದೆ. ಮೂವತ್ತು ಎಂಬುದು ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಕೋಣೆಗಳು ಎಂಟು. ಒಂದು ಕೋಣೆಯಿಂದ ಮುಂದಿನದಕ್ಕೆ ಹೋಗಲು 3.75 ಸುತ್ತು ಬೇಕಾಗುತ್ತಿತ್ತು, ಮತ್ತು ಪ್ರತಿ ಬಾರಿ ಹ್ಯಾಂಡಲ್ ಬೇರೆ ಬೇರೆ ದಿಕ್ಕಿನಲ್ಲಿ ನಿಲ್ಲುತ್ತಿತ್ತು. ಕತ್ತಲಲ್ಲಿ, ಲಾಟೀನಿನ ಬೆಳಕಿನಲ್ಲಿ ಇದನ್ನು ತಿರುಗಿಸುವ ಮನುಷ್ಯನಿಗೆ ಲೆಕ್ಕ ತಪ್ಪುವುದು ಖಂಡಿತ. 16ರ ಬದಲು 15 ಹಲ್ಲಿನ ಪಿನಿಯನ್ ಮಾಡಿ ಹಾಕಿದೆ. ಅನುಪಾತ 32ಕ್ಕೆ ಒಂದಾಯಿತು. ಒಂದು ಕೋಣೆಗೆ ಸರಿಯಾಗಿ ನಾಲ್ಕು ಸುತ್ತು. ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ 0.75 ಮಿ.ಮೀ. ಕಡಿಮೆಯಾದ್ದರಿಂದ ಪಿನಿಯನ್ ಕಂಬದ ಬೋಲ್ಟಿನ ತೂತುಗಳನ್ನು ಅರದಿಂದ ಉದ್ದಕ್ಕೆ ಹಿಗ್ಗಿಸಬೇಕಾಯಿತು. ಇವು ನನ್ನ ಮಾದರಿಯ ಅಂಕಿಗಳು, ಮೂಲದವಲ್ಲ. ಮೂಲದಲ್ಲಿಯೂ ಕೋಣೆಗಳ ಅಡಿಯಲ್ಲಿ ಹೂತ ಗೇರುಗಳು ಇದೇ ಬಗೆಯ ಕೆಲಸ ಮಾಡುತ್ತವೆ, ಮತ್ತು ಅಷ್ಟು ಭಾರವನ್ನು ಒಬ್ಬನೇ ಮನುಷ್ಯ ತಿರುಗಿಸಬಲ್ಲ.

ಕಂಬಿಗಳು

ಪಂಜರಕ್ಕೆ 3 ಮಿ.ಮೀ. ದಪ್ಪದ ನೂರನಾಲ್ಕು ಸರಳುಗಳು ಬೇಕಾದವು. ಮೇಲೊಂದು ಕೆಳಗೊಂದು ಬಳೆ ಮಾಡಿ, ಡ್ರಿಲ್ಲಿಂಗ್ ಮಷಿನ್ನಿನಲ್ಲಿ ಡಿವೈಡಿಂಗ್ ಹೆಡ್ (ವೃತ್ತವನ್ನು ಸಮಪಾಲು ಮಾಡುವ ಸಾಧನ) ಇಟ್ಟು ತೂತು ಕೊರೆದು, ಪ್ರತಿ ಸರಳನ್ನೂ ಕೂರಿಸಿ ಹಿತ್ತಾಳೆಯಿಂದ ಬೆಸೆದೆ. ಕಂಬಿ ಎಣಿಸುವುದು ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ; ಆ ವಾರವೆಲ್ಲ ನಾನು ನಿಜವಾಗಿಯೂ ಕಂಬಿಗಳನ್ನು ಎಣಿಸಿದೆ. ಅಂತಸ್ತಿಗೆ ಒಂದು ಕಡೆ ನಾಲ್ಕು ಸರಳುಗಳನ್ನು ಬಿಟ್ಟು, ಅಲ್ಲಿ ಬಾಗಿಲು ಇಟ್ಟೆ. ಸರಳು ಸರಳಿನ ನಡುವೆ ಒಂಬತ್ತು ಮಿ.ಮೀ.ಗಿಂತ ತುಸು ಹೆಚ್ಚು ಸಂದು ಉಳಿಯಿತು. ಗಾಳಿ ಬೆಳಕು ಬರಬೇಕಾದರೆ ಸಂದು ಇರಲೇಬೇಕು, ಮತ್ತು ಸಂದು ಇದ್ದಲ್ಲಿ ಮನುಷ್ಯನು ಕೈ ಹಾಕುತ್ತಾನೆ. ಸೆರೆಯಲ್ಲಿರುವವನು ಕಂಬಿಯನ್ನು ಹಿಡಿದು ನಿಲ್ಲುವುದಕ್ಕಿಂತ ಸಹಜವಾದದ್ದು ಯಾವುದಿದೆ?

ಈ ಜೈಲುಗಳಲ್ಲಿ ಕೈದಿಗಳ ಕೈಕಾಲು ಜಜ್ಜಿಹೋಗುತ್ತಿದ್ದವು ಎಂಬುದನ್ನು ನಾನು ಮೊದಲೇ ಓದಿದ್ದೆ. ಓದಿದಾಗ ಅದು ಕಾವಲುಗಾರರ ಅಜಾಗರೂಕತೆ ಎಂದುಕೊಂಡಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರು ಮಾದರಿ ನೋಡಲು ಬಂದ ದಿನ ಅದನ್ನು ಪರೀಕ್ಷಿಸಿದೆವು. ಎಂಟು ಮಿ.ಮೀ. ದಪ್ಪದ ಮೇಣದ ಬತ್ತಿಯೊಂದನ್ನು ಕೋಣೆಯೊಳಗಿನಿಂದ, ಅಡ್ಡಗೋಡೆಗೆ ಹತ್ತಿರವಾಗಿ, ಕಂಬಿಗಳ ಸಂದಿಗೆ ತೂರಿಸಿ ಇಟ್ಟೆ. ಅದು ಮಾದರಿಯ ಹಿಂಬದಿಯಲ್ಲಿತ್ತು. ಅವರು ಮುಂದೆ ಕೂತು ಹ್ಯಾಂಡಲ್ ಹಿಡಿದು ನಿಧಾನವಾಗಿ ನಾಲ್ಕು ಸುತ್ತು ತಿರುಗಿಸಿದರು. ನಾನು ಹಿಂಬದಿಯಲ್ಲಿ ಬಾಗಿ ನೋಡುತ್ತಿದ್ದೆ. ಕಂಬಿ ನಿಂತಲ್ಲಿ ನಿಂತಿತ್ತು. ಅಡ್ಡಗೋಡೆಯ ಅಂಚು ಸದ್ದಿಲ್ಲದೆ ಹತ್ತಿರವಾಗಿ, ಬತ್ತಿಯನ್ನು ಕಂಬಿಗೆ ಒತ್ತಿ, ಎರಡು ತುಂಡು ಮಾಡಿ ಮುಂದೆ ಸಾಗಿತು. ಅಡಕತ್ತರಿಗೆ ಸಿಕ್ಕ ಹಸಿ ಅಡಿಕೆಯ ಹಾಗೆ.

“ಆಯ್ತಾ ಸಾರ್? ನಿಲ್ಲಿಸಲಾ, ಇನ್ನೂ ತಿರುಗಿಸಲಾ?” ಎಂದು ಅವರು ಆ ಕಡೆಯಿಂದ ಕೇಳಿದರು.

“ಬತ್ತಿ ತುಂಡಾಯ್ತು” ಎಂದೆ.

ಅವರು ಹ್ಯಾಂಡಲ್ ಬಿಟ್ಟು ಎದ್ದು ಬಂದು, ತುಂಡುಗಳನ್ನು ಕೈಗೆತ್ತಿಕೊಂಡು ನೋಡಿದರು. “ನನ್ನ ಕೈಗೆ ಏನೂ ಗೊತ್ತಾಗ್ಲಿಲ್ಲವಲ್ಲ ಸಾರ್” ಎಂದರು.

ಅವರು ಹೇಳಿದ್ದು ಲೆಕ್ಕಕ್ಕೂ ಸರಿಹೊಂದುತ್ತದೆ. ಹ್ಯಾಂಡಲ್ಲಿನ ತೋಳು 60 ಮಿ.ಮೀ., ಡ್ರಮ್ಮಿನ ತ್ರಿಜ್ಯ 200 ಮಿ.ಮೀ., ಅನುಪಾತ 32. ತಿಕ್ಕಾಟವನ್ನು ಬಿಟ್ಟರೆ ಕೈಯ ಬಲ ಡ್ರಮ್ಮಿನ ಅಂಚಿಗೆ ತಲುಪುವಾಗ 9.6 ಪಟ್ಟಾಗಿರುತ್ತದೆ. ತಿರುವಿ ಹೇಳುವುದಾದರೆ, ಅಂಚಿನಲ್ಲಿ ಎರಡು ಕಿಲೋ ಬಲ ಬೇಡುವ ತಡೆ ಎದುರಾದರೆ ಕೈಗೆ ಬರುವ ಸುದ್ದಿ ಇನ್ನೂರು ಗ್ರಾಮಿಗೆ ತುಸು ಹೆಚ್ಚಷ್ಟೆ. ಗೇರುಗಳ ಸಹಜ ಬಿಗಿತದ ಏರಿಳಿತದಲ್ಲಿಯೇ ಅದು ಮುಳುಗಿಹೋಗುತ್ತದೆ. ಅಷ್ಟು ಭಾರವನ್ನು ಒಬ್ಬನೇ ತಿರುಗಿಸುವಂತೆ ಮಾಡಿದ ಗೇರುಗಳೇ, ಆ ಭಾರದ ಬಾಯಿಗೆ ಏನು ಸಿಕ್ಕಿಕೊಂಡಿದೆ ಎಂಬ ಅರಿವನ್ನು ಅವನ ಕೈಯಿಂದ ಕಸಿದುಕೊಳ್ಳುತ್ತವೆ. ಕೂಗು ಕೇಳಿ ಕೈ ಬಿಟ್ಟರೂ ಟನ್ನುಗಟ್ಟಲೆ ಕಬ್ಬಿಣ ತಕ್ಷಣ ನಿಲ್ಲುವುದಿಲ್ಲ. ತೇರನ್ನು ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟವೆಂದು ಹಗ್ಗ ಹಿಡಿದವರಿಗೆಲ್ಲ ಗೊತ್ತಿದೆ. ಇದರ ಮೇಲೆ, ದುಂಡಗಿನ ಡ್ರಮ್ಮಿನ ಹಿಂಬದಿಯ ಕೋಣೆಗಳು ಮುಂದೆ ನಿಂತವನ ಕಣ್ಣಿಗೆ ಬೀಳುವುದೇ ಇಲ್ಲ. ಕೈದಿಯ ಹತ್ತಿರ ಹೋಗದಿರುವುದು ಈ ಕಟ್ಟಡದ ಗುರಿಯಾಗಿತ್ತು. ಆ ಗುರಿ ಎಷ್ಟು ಚೆನ್ನಾಗಿ ಈಡೇರಿತೆಂದರೆ, ಅವನ ಕೈ ಮುರಿಯುವುದೂ ತಿರುಗಿಸುವವನ ಕೈಗೆ ತಿಳಿಯುವಂತಿರಲಿಲ್ಲ. ಇದು ಅಜಾಗರೂಕತೆಯ ಫಲವೆಂದು ಆ ದಿನದಿಂದ ನಾನು ಹೇಳುವುದನ್ನು ಬಿಟ್ಟೆ. ನಿಂತ ಕಂಬಿ ಮತ್ತು ಚಲಿಸುವ ಗೋಡೆ ಪಕ್ಕಪಕ್ಕದಲ್ಲಿರುವವರೆಗೆ ಎಷ್ಟೇ ಎಚ್ಚರದ ಮನುಷ್ಯನಿದ್ದರೂ ಇದು ಆಗಿಯೇ ಆಗುತ್ತದೆ.

ಅಂತರವನ್ನು ಕಿರಿದು ಮಾಡಿದರೆ ತಪ್ಪಿಸಬಹುದೇ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಡ್ರಮ್ಮಿಗೂ ಪಂಜರಕ್ಕೂ ನಡುವಿನ 2 ಮಿ.ಮೀ.ಯನ್ನು ಒಂದಕ್ಕೆ ಇಳಿಸಿದರೆ ಕತ್ತರಿ ಇನ್ನೂ ಹರಿತವಾಗುತ್ತದೆ. ಹತ್ತಕ್ಕೆ ಏರಿಸಿದರೆ ತೋಳು ಉಳಿಯಬಹುದು, ಆದರೆ ತೆಳ್ಳಗಿನವನೊಬ್ಬ ಪಕ್ಕದ ಕೋಣೆಗೆ ನುಸುಳುವ ದಾರಿಯಾಗುತ್ತದೆ. ಕಂಬಿಗಳ ಒಳಬದಿಗೆ ಬಲೆ ಹಾಕಬಹುದು. ಆಗ ಗಾಳಿ ಬೆಳಕು ಕಡಿಮೆಯಾಗುತ್ತದೆ. ತಡೆ ಹೆಚ್ಚಾದರೆ ತಾನೇ ಜಾರಿ ಡ್ರಮ್ಮನ್ನು ತಿರುಗಿಸದೆ ಬಿಡುವ ಕ್ಲಚ್ಚನ್ನು ಹ್ಯಾಂಡಲ್ಲಿಗೆ ಹಾಕಲು ಒಂದು ಚಿತ್ರವನ್ನೂ ಬರೆದೆ, ಆದರೆ ಅದನ್ನು ಕೂರಿಸಲಿಲ್ಲ. ಮೂಲದಲ್ಲಿ ಇಲ್ಲದ ದಯೆಯನ್ನು ಮಾದರಿಗೆ ಸೇರಿಸಿದರೆ, ನೋಡಿದವರಿಗೆ ನಡೆದದ್ದು ನಡೆದಂತೆ ಕಾಣುವುದಿಲ್ಲ.

ಒಂದೇ ಬಾಗಿಲು

ಬೆಂಕಿಯ ಪ್ರಶ್ನೆ ಎತ್ತಿದ್ದು ನನ್ನ ಹೆಂಡತಿ. ಮಾದರಿಯನ್ನು ಒಂದೆರಡು ಸಲ ತಿರುಗಿಸಿ ನೋಡಿ, “ಏನಾದ್ರೂ ಆದ್ರೆ ಎಲ್ಲರೂ ಒಂದೇ ಬಾಗಿಲಲ್ಲಿ ಹೇಗೆ ಬರ್ತಾರೆ?” ಎಂದಳು. ಗಡಿಯಾರ ಹಿಡಿದು ಲೆಕ್ಕ ಹಾಕಿದೆವು. ಎರಡೂ ಅಂತಸ್ತು ಒಂದೇ ಡ್ರಮ್ಮಾದ್ದರಿಂದ ಮೇಲಿನದೊಂದು ಕೆಳಗಿನದೊಂದು, ಹೀಗೆ ಎರಡು ಕೋಣೆ ಒಮ್ಮೆಗೆ ಬಾಗಿಲಿಗೆ ಬರುತ್ತವೆ. ಎಂಟೂ ಜೋಡಿ ತೆರವಾಗಲು ಏಳು ಸಲ ತಿರುಗಿಸಿ ಏಳು ಸಲ ನಿಲ್ಲಿಸಬೇಕು. ಒಟ್ಟು ಇಪ್ಪತ್ತೆಂಟು ಸುತ್ತು. ಪ್ರತಿ ಸಲ ಕೋಣೆಯ ಬಾಯಿ ಬಾಗಿಲಿಗೆ ಸರಿಯಾಗಿ ಕೂಡಿದೆಯೇ ಎಂದು ನೋಡಿ, ಹತ್ತು ಎಣಿಸುವಷ್ಟು ಹೊತ್ತು ನಿಂತು, ಮತ್ತೆ ತಿರುಗಿಸಿದರೆ ನನಗೆ ಎರಡು ನಿಮಿಷ ನಲವತ್ತು ಸೆಕೆಂಡು ಹಿಡಿಯಿತು. ಅದು ಮೇಜಿನ ಮೇಲಿನ ಒಂಬತ್ತು ಕಿಲೋ ಯಂತ್ರ, ಹೊಗೆಯಿಲ್ಲ, ಗಾಬರಿಯಿಲ್ಲ. ಗೇರು ಸಿಕ್ಕಿಹಾಕಿಕೊಂಡರೆ ಬಾಗಿಲಿಗೆ ಎದುರಾಗಿರುವ ಇಬ್ಬರನ್ನು ಬಿಟ್ಟು ಉಳಿದವರಿಗೆ ದಾರಿಯೇ ಇಲ್ಲ.

ಅಯೋವಾ ರಾಜ್ಯದ ಕೌನ್ಸಿಲ್ ಬ್ಲಫ್ಸ್ ಪಟ್ಟಣದ ಜೈಲಿನ ಕತೆ ಈ ಮಾತಿಗೆ ಸಂಬಂಧಿಸಿದ್ದು. ಪೊಟಾವಟಾಮಿ ಕೌಂಟಿಗಾಗಿ 1885ರಲ್ಲಿ ಕಟ್ಟಿದ ಅದು ಮೂರು ಅಂತಸ್ತಿನದು, ಅಂತಸ್ತಿಗೆ ಹತ್ತು ಕೋಣೆ. ಅಳಿಲನ್ನು ಕೂಡಿಹಾಕುವ ತಿರುಗುಪಂಜರದ ಹೆಸರಿನಿಂದ ಜನ ಅದನ್ನು ಕರೆಯುತ್ತಾರೆ. ಅಲ್ಲಿ 1960ರಲ್ಲಿ ಡ್ರಮ್ ತಿರುಗದೆ ನಿಂತು, ಕೋಣೆಯೊಳಗೆ ತೀರಿಕೊಂಡ ಕೈದಿಯೊಬ್ಬನ ಶವವನ್ನು ಎರಡು ದಿನ ಹೊರತೆಗೆಯಲಾಗಲಿಲ್ಲವೆಂದು ಹೇಳುತ್ತಾರೆ. ಆ ವರ್ಷದಿಂದ ಅದನ್ನು ತಿರುಗಿಸುವುದು ನಿಂತಿತು; ಆದರೂ 1969ರವರೆಗೆ ಅದು ಜೈಲಾಗಿಯೇ ಇತ್ತು.

ಕ್ರಾಫರ್ಡ್ಸ್‌ವಿಲ್‌ನಲ್ಲಿ 1930ರ ದಶಕದ ಕೊನೆಯ ಹೊತ್ತಿಗೆ ತಿರುಗುವಿಕೆಯನ್ನು ನಿಲ್ಲಿಸಿದ್ದರು, ಆದರೆ ಕಟ್ಟಡ 1970ರ ದಶಕದ ಆರಂಭದವರೆಗೆ ಜೈಲಾಗಿಯೇ ಬಳಕೆಯಲ್ಲಿತ್ತು. 1975ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿ, ವಸ್ತುಸಂಗ್ರಹಾಲಯವಾಯಿತು. ಇವೆರಡರ ಜೊತೆಗೆ ಮಿಸೌರಿ ರಾಜ್ಯದ ಗ್ಯಾಲಟಿನ್ ಪಟ್ಟಣದ ಒಂದಂತಸ್ತಿನ ಜೈಲೂ ಉಳಿದಿದೆ. ಉಳಿದ ಮೂರರಲ್ಲಿ ಇಂದಿಗೂ ತಿರುಗುವುದು ಮೊದಲನೆಯದಾದ ಕ್ರಾಫರ್ಡ್ಸ್‌ವಿಲ್‌ನದು ಮಾತ್ರ. ಅದನ್ನು ಉಳಿಸಿಕೊಂಡ ಪಟ್ಟಣದವರ ಬಗ್ಗೆ ನನಗೆ ಬಹಳ ಗೌರವವಿದೆ. ತಮ್ಮ ಊರಿನವರು ಮಾಡಿದ್ದು ಹೆಮ್ಮೆಯ ಕೆಲಸ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಮೊದಲು, ಅದನ್ನು ಕೆಡವದೆ, ಕೀಲುಗಳಿಗೆ ಎಣ್ಣೆ ಬಿಟ್ಟು, ಬಂದವರ ಎದುರು ತಿರುಗಿಸಿ ತೋರಿಸುತ್ತಿದ್ದಾರೆ. ಕೆಡವಿದ್ದರೆ ನನ್ನಂಥವನು ಏನನ್ನು ನೋಡಿ ಕಲಿಯಬೇಕಿತ್ತು?

ಎರಡನೆಯ ಪಂಜರ

ಶೆರಿಫನ ಮನೆಯ ಭಾಗವನ್ನು ಪ್ಲೈವುಡ್ಡಿನಲ್ಲಿ ಒಂದು ವಾರದಲ್ಲಿ ಮುಗಿಸಿದೆ. ಅದರ ಬಗ್ಗೆ ಹೆಚ್ಚು ಹೇಳುವಂತಹುದಿಲ್ಲ. ಮುಂಬಾಗಿಲು, ಕಿಟಕಿಗಳು ಮತ್ತು ಹಿಂದಿನ ಜೈಲಿಗೆ ಹೋಗುವ ದಾರಿ ಇದ್ದ ಕಡೆ ಇವೆ. ಮೇಲ್ಛಾವಣಿಯನ್ನು ಎತ್ತಿ ತೆಗೆಯುವಂತೆ ಮಾಡಿದ್ದೇನೆ.

ಆಮೇಲೆ ಮಾಡಿದ್ದು ಮೊದಲು ಯೋಜಿಸಿರದ ಕೆಲಸ. ಇಂಥ ಹೆಚ್ಚಿನ ಜೈಲುಗಳಲ್ಲಿ ಕೆಲವೇ ವರ್ಷಗಳಲ್ಲಿ ಡ್ರಮ್ಮನ್ನು ಕದಲದಂತೆ ಬೆಸೆದು, ಪ್ರತಿ ಕೋಣೆಗೂ ಅದರದೇ ಬಾಗಿಲು ಮಾಡಬೇಕಾಗಿ ಬಂತು. ಹಾಗೆ ಮಾಡಿದ ಮೇಲೆ ಅವು ಬೇರೆ ಜೈಲುಗಳಂತೆಯೇ ಆದವು: ಕಾವಲುಗಾರನು ಬೀಗದ ಕೈ ಹಿಡಿದು ನಡೆದುಹೋಗಿ, ಕೈದಿಯ ಎದುರು ನಿಂತು, ಬಾಗಿಲು ತೆರೆಯಬೇಕು. ಇದನ್ನೂ ತೋರಿಸಬೇಕೆನಿಸಿತು. ಅದೇ ಅಳತೆಯ ಬಳೆಗಳನ್ನು ಮತ್ತೊಮ್ಮೆ ಮಾಡಿ, ಎರಡು ಅರ್ಧಗಳಾಗಿ ಬಿಚ್ಚಿಕೊಳ್ಳುವ ಇನ್ನೊಂದು ಪಂಜರವನ್ನು ಕಟ್ಟಿದೆ. ಇದರಲ್ಲಿ ಅಂತಸ್ತಿಗೆ ಎಂಟು ಬಾಗಿಲು, ಒಟ್ಟು ಹದಿನಾರು. ಒಂದೊಂದು ಬಾಗಿಲಿಗೂ ಹಿತ್ತಾಳೆಯ ಎರಡು ಕೀಲು, ಒಂದು ಚಿಲಕ. ಮೂವತ್ತೆರಡು ಕೀಲುಗಳಲ್ಲಿ ಐದು ಮೊದಲ ಸಲ ಸರಿಯಾಗದೆ ಮತ್ತೆ ಮಾಡಿದೆ. ಮೊದಲ ಪಂಜರಕ್ಕೆ ಒಂಬತ್ತು ದಿನ ಹಿಡಿದಿದ್ದರೆ, ಇದಕ್ಕೆ ಇಪ್ಪತ್ತಮೂರು ದಿನ ಹಿಡಿಯಿತು. ಎರಡೇ ಬಾಗಿಲುಗಳ ಜೈಲು ಕೌಂಟಿಗಳ ಲೆಕ್ಕಪತ್ರದಲ್ಲಿ ಯಾಕೆ ಅಷ್ಟು ಆಕರ್ಷಕವಾಗಿ ಕಂಡಿರಬಹುದೆಂದು ಆ ಇಪ್ಪತ್ತಮೂರು ದಿನಗಳಲ್ಲಿ ಚೆನ್ನಾಗಿ ಅರ್ಥವಾಯಿತು.

ಎರಡನೆಯ ಪಂಜರವನ್ನು ತೊಡಿಸುವಾಗ ಡ್ರಮ್ ಸರಿಯಾದ ಜಾಗದಲ್ಲಿ ನಿಲ್ಲಲೆಂದು, ಬೇಸಿನಿಂದ ನೆಲದ ತಗಡಿಗೆ ಹೋಗುವ 6 ಮಿ.ಮೀ. ಪಿನ್ನೊಂದನ್ನು, ತೂತಿಗೆ ರೀಮರ್ (ತೂತನ್ನು ನಿಖರ ಅಳತೆಗೆ ನುಣುಪು ಮಾಡುವ ಹತ್ಯಾರ) ಹಾಕಿ, ಬಿಗಿಯಾಗಿ ಕೂರಿಸಿದ್ದೇನೆ. ಪಿನ್ ಒಳಗಿದ್ದಾಗ ಎರಡೂ ಕೈಯಿಂದ ತಳ್ಳಿದರೂ ಡ್ರಮ್ ಕದಲುವುದಿಲ್ಲ. ರೆಡ್ ಆಕ್ಸೈಡ್ ಬಳಿದಾಗಿದೆ, ಮೇಲಿನ ಬಣ್ಣ ಇನ್ನೂ ಬಾಕಿಯಿದೆ. ಅಡ್ಡಗೋಡೆಯ ಅಂಚಿನಲ್ಲಿ ಅಂಟಿದ್ದ ಮೇಣವನ್ನು ಕೆರೆದು ತೆಗೆಯಲಿಲ್ಲ. ಬಣ್ಣ ಹೊಡೆಯುವಾಗಲೂ ಆ ಜಾಗವನ್ನು ಟೇಪಿನಿಂದ ಮುಚ್ಚಿಡುತ್ತೇನೆ. ಈಗ ಹದಿನಾರು ಬಾಗಿಲಿನ ಪಂಜರ ಹಾಕಿಟ್ಟಿದೆ. ಹ್ಯಾಂಡಲ್ಲನ್ನು ಶಾಫ್ಟಿನಿಂದ ಬಿಚ್ಚಿ, ಮಾದರಿಯ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ.